ಹೊಸ ಮನೆಗೆ ಮೂವತ್ತೊಂದು ಪರೀಕ್ಷೆ

ಮಾರ್ಚ್ ೧, ಭಾನುವಾರ

ಇವತ್ತು ಆರು ಮನೆಯ ಕಟ್ಟಡದ ನೆಲಮಹಡಿಯಲ್ಲಿ ಕೊಂಡ ನಮ್ಮ ಹೊಸ ಮನೆಗೆ ತೊಂಬತ್ತೊಂದು ಬಾಣ ಅಂಟಿಸಿ ಬಂದೆ. ಕಾರ್ಖಾನೆಯಲ್ಲಿ ಶರ್ಟಿನ ಮೇಲೆ ಅಂಟಿಸುತ್ತೇನಲ್ಲ, ಅದೇ ಕೆಂಪು ಬಾಣದ ಸ್ಟಿಕ್ಕರ್. ಇಪ್ಪತ್ತೆರಡು ವರ್ಷದಿಂದ ಚೆಕಿಂಗ್ ಟೇಬಲ್ಲಿನ ಮುಂದೆ ನಿಂತವಳು ನಾನು. ಹೊಲಿಗೆ ಹಾರಿದ್ದರೆ ಒಂದು ಬಾಣ, ಗುಂಡಿ ಸಡಿಲವಿದ್ದರೆ ಒಂದು, ಎಣ್ಣೆಯ ಚುಕ್ಕಿಗೆ ಒಂದು. ಬಾಣ ಬಿದ್ದ ಶರ್ಟು ಬಂದ ದಾರಿಯಲ್ಲೇ ವಾಪಸ್. ಬೆನ್ನ ಹಿಂದೆ ಎಲ್ಲರೂ ನನ್ನನ್ನು ‘ಕೆಂಬಾಣ’ ಅನ್ನುತ್ತಾರೆಂದು ಗೊತ್ತು. ಎದುರಿಗೇ ಅಂದರೂ ನನಗೇನೂ ಬೇಸರವಿಲ್ಲ.

ಮುಂಬಾಗಿಲು ನೆಲಕ್ಕೆ ಉಜ್ಜುತ್ತದೆ. ನಾಣ್ಯದಿಂದ ತಟ್ಟಿ ನೋಡಿದರೆ ಹಜಾರದ ಏಳು ಟೈಲ್ಸು ಟೊಳ್ಳು ಸದ್ದು ಮಾಡುತ್ತವೆ. ಕಿಟಕಿಯ ಚೌಕಟ್ಟಿಗೂ ಗೋಡೆಗೂ ನಡುವೆ ನನ್ನ ಕಿರುಬೆರಳು ಸಲೀಸಾಗಿ ಹೋಗುತ್ತದೆ. ಮೂಲೆಯಲ್ಲಿ ಒಂದು ಗೋಲಿ ಇಟ್ಟೆ, ಅದು ಯಾರ ಅಪ್ಪಣೆಗೂ ಕಾಯದೆ ಅಡುಗೆಮನೆಗೆ ಉರುಳಿಕೊಂಡು ಹೋಯಿತು. ನಾನು ಅಂಟಿಸುತ್ತಾ ಹೋದ ಹಾಗೆ ಕಟ್ಟಡದ ಸೂಪರ್‌ವೈಸರ್ ಕೈ ಹಿಂದೆ ಕಟ್ಟಿಕೊಂಡು ಜೊತೆಗೇ ಬರುತ್ತಿದ್ದ. “ಹೊಸ ಮನೆ ಅಲ್ವಾ ಮೇಡಂ, ಪರವಾಗಿಲ್ಲ” ಎಂಬುದು ಅವನ ಒಂದೇ ಪಲ್ಲವಿ. ಅವನಿಗೆ ಪರವಾಗಿಲ್ಲಪ್ಪ ಎಂದು ಹೆಸರಿಟ್ಟಿದ್ದೇನೆ.

ಕೊನೆಯಲ್ಲಿ ಸ್ವಾಧೀನ ಪತ್ರ ಚಾಚಿದ. ‘ಮನೆಯನ್ನು ಪರಿಶೀಲಿಸಿದ್ದೇವೆ, ಎಲ್ಲ ಸರಿಯಾಗಿದೆ, ಪಡೆದುಕೊಂಡಿದ್ದೇವೆ’ ಎಂದು ಅದರಲ್ಲಿ ಆಗಲೇ ಅಚ್ಚಾಗಿತ್ತು. ಸಹಿ ಹಾಕುವವರೆಗೆ ನಾವು ಯಜಮಾನರು, ಹಾಕಿದ ಮೇಲೆ ಅರ್ಜಿದಾರರು. ಬಾಣ ಪೂರ್ತಿ ಹೋಗುವ ತನಕ ಪೆನ್ನು ಮುಟ್ಟುವುದಿಲ್ಲ ಎಂದೆ.

ಮನೆಗೆ ಬಂದು ಹೇಳಿದರೆ ಅತ್ತೆ ನಕ್ಕರು. “ಮನೆ ಕಟ್ಟಿ ನೋಡು ಅಂದ್ರು ಹಿರಿಯರು. ಕಟ್ಟಿದ್ದನ್ನ ಕೊಂಡು ನೋಡು ಅಂತ ಹೇಳೋಕೆ ಅವರಿಗೂ ಧೈರ್ಯ ಬರ್ಲಿಲ್ಲ ನೋಡು.”

ಮಾರ್ಚ್ ೭, ಶನಿವಾರ

ಪಾಳಿ ಬೇಗ ಮುಗಿಯಿತು, ಮನೆಯ ಕಡೆ ಹೋದೆ. ಪರವಾಗಿಲ್ಲಪ್ಪ ಹಲ್ಲು ಕಿರಿಯುತ್ತಾ ಬಂದು “ಎಲ್ಲಾ ಕ್ಲಿಯರ್ ಮೇಡಂ” ಎಂದ. ನಿಜ, ಒಂದು ಬಾಣವೂ ಉಳಿದಿರಲಿಲ್ಲ. ಮಹಾನುಭಾವ ಬಾಣಗಳನ್ನು ಮಾತ್ರ ಕಿತ್ತಿದ್ದ, ದೋಷಗಳು ಇದ್ದಲ್ಲೇ ಇದ್ದವು.

ಇಂಥ ಆಟ ಲೈನಿನಲ್ಲಿ ಇಪ್ಪತ್ತೆರಡು ವರ್ಷದಿಂದ ನೋಡಿದ್ದೇನೆ. ಪ್ರತಿ ಬಾಣಕ್ಕೂ ನಂಬರು ಕೊಟ್ಟು ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೆ. “ನಂಬರ್ ಹದಿನೇಳು, ಅಡುಗೆಮನೆ ಪ್ಲಗ್ಗು. ನಿಮ್ಮ ಫೋನೇ ಹಾಕಿ ತೋರ್ಸಿ” ಎಂದೆ. ಹಾಕಿದ. ಫೋನು ಉಸಿರೆತ್ತಲಿಲ್ಲ. ಅವನೂ ಉಸಿರೆತ್ತಲಿಲ್ಲ. ತೊಂಬತ್ತೊಂದನ್ನೂ ಹೊಸದಾಗಿ ಅಂಟಿಸಿ ಬಂದೆ. ಸೊಂಟ ಬಿದ್ದುಹೋಗಿದೆ, ಮನಸ್ಸಿಗೆ ಮಾತ್ರ ಬಹಳ ಖುಷಿಯಾಗಿದೆ.

ಮಾರ್ಚ್ ೧೫, ಭಾನುವಾರ

ತೊಂಬತ್ತೊಂದು ಹೋಗಿ ಒಂಬತ್ತಕ್ಕೆ ಇಳಿದಿತ್ತು. ಬಾಗಿಲು ಉಜ್ಜುವುದಿಲ್ಲ, ಗೋಲಿ ಇಟ್ಟಲ್ಲೇ ನಿಲ್ಲುತ್ತದೆ. ಇನ್ನೊಂದು ವಾರದಲ್ಲಿ ಸಹಿ ಹಾಕಿಬಿಡಬಹುದು ಎಂದುಕೊಳ್ಳುತ್ತಿದ್ದೆ. ಆಗ ನಲ್ಲಿ ಕೆಲಸದ ಮುದುಕ ಒಳಗೆ ಬಂದ. ಮೇಲಿನ ಮನೆಗಳಲ್ಲಿ ಪೈಪು ಕೂರಿಸುತ್ತಿದ್ದವನು. ಬಾಗಿಲ ಹತ್ತಿರ ನಿಂತು ನನ್ನ ಬಾಣಗಳನ್ನು ಸ್ವಲ್ಪ ಹೊತ್ತು ನೋಡಿದ.

“ಬಚ್ಚಲು ನೋಡಿದ್ರಾ ತಾಯಿ?”

“ಒಂದು ಬಕೆಟ್ ಸುರಿದು ನೋಡ್ದೆ. ಚೆನ್ನಾಗಿ ಹರಿದು ಹೋಗುತ್ತೆ.”

“ನಿಮ್ಮ ನೀರು ಹೋಗುತ್ತೆ. ಮೇಲಿನವರ ನೀರು?”

ನನಗೆ ಅರ್ಥವಾಗಲಿಲ್ಲ. ಬಚ್ಚಲಲ್ಲೇ ನಿಂತಿರಿ ಎಂದು ಹೇಳಿ ಅವನು ಮೇಲೆ ಹೋಗಿ ನಾಲ್ಕು ಮನೆಯ ನಲ್ಲಿಗಳನ್ನೂ ಒಟ್ಟಿಗೆ ಬಿಟ್ಟ. ಮೊದಲು ಗೋಡೆಯೊಳಗೆ ಸದ್ದು ಇಳಿದು ಬಂತು. ಆಮೇಲೆ ನೆಲದ ಜಾಲರಿ ಅಲುಗಿತು. ಆಮೇಲೆ ಅದರೊಳಗಿಂದ ಸಿಮೆಂಟು ಬಣ್ಣದ ನೀರು ಗುಳುಗುಳು ಎಂದು ಮೇಲೆ ಬಂದು ನನ್ನ ಹೆಬ್ಬೆರಳು ಮುಳುಗುವಷ್ಟು ನಿಂತಿತು. ನಾನು ಹೊರಗೆ ಜಿಗಿದೆ.

ಮುದುಕ ಕೆಳಗೆ ಬಂದು ನೆಲದ ಧೂಳಿನಲ್ಲಿ ಬೆರಳಿಂದ ಗೆರೆ ಎಳೆದು ತೋರಿಸಿದ. ಆರು ಮನೆಯ ಕೊಳೆ ನೀರೂ ಈ ಬಚ್ಚಲಿನ ಕೆಳಗೇ ಸೇರಿ ರಸ್ತೆಗೆ ಹೋಗಬೇಕು. ಇಲ್ಲಿಂದ ರಸ್ತೆಯವರೆಗೆ ಪೈಪು ಇಳಿಜಾರಾಗಿ ಇರಬೇಕು, ಅದಕ್ಕೆ ಅವರು ವಾಟ ಅನ್ನುತ್ತಾರೆ. ಇವರು ರಸ್ತೆಯ ಕಡೆಗೇ ನಾಲ್ಕು ಬೆರಳು ಎತ್ತರ ಇಟ್ಟಿದ್ದಾರೆ. ಸರಿಮಾಡಬೇಕಾದರೆ ಬಚ್ಚಲು, ಮೆಟ್ಟಿಲ ಕೆಳಗಿನ ಜಾಗ, ಮುಂದಿನ ಓಣಿ ಎಲ್ಲವನ್ನೂ ಅಗೆಯಬೇಕು.

“ಈಗ ಯಾರೂ ಇಲ್ಲ, ಗೊತ್ತಾಗಲ್ಲ. ಆರು ಮನೇನೂ ತುಂಬಲಿ, ಆಮೇಲೆ ನೋಡಿ” ಎಂದ. ಹೋಗುವಾಗ, “ನಾನು ಹೇಳ್ದೆ ಅನ್ಬೇಡಿ ತಾಯಿ. ಇನ್ನೂ ಎರಡು ಕಟ್ಟಡದ ಕೆಲಸ ಇವರ ಹತ್ರಾನೇ ಇದೆ” ಎಂದ.

ಸ್ಟಿಕ್ಕರಿನ ಸುರುಳಿ ಕೈಯಲ್ಲೇ ಇತ್ತು. ನೆಲದ ಕೆಳಗಿರುವುದಕ್ಕೆ ಎಲ್ಲಿ ಅಂಟಿಸುವುದು? ಗುಂಡಿ, ಕಾಜ, ಅಂಚು ಎಂದು ಹೊರಮೈ ನೋಡಿಯೇ ಕೂದಲು ನೆರೆಯಿತು. ಆ ಮುದುಕ ಬರದೇ ಇದ್ದಿದ್ದರೆ ಮುಂದಿನ ಭಾನುವಾರ ನಗುನಗುತ್ತಾ ಸಹಿ ಹಾಕುತ್ತಿದ್ದೆ.

ಮಾರ್ಚ್ ೧೬, ಸೋಮವಾರ

ಅರ್ಧ ದಿನ ರಜೆ ಹಾಕಿ ಹೋದೆ. ತಗಡಿನ ಆಫೀಸಿನಲ್ಲಿ ಪರವಾಗಿಲ್ಲಪ್ಪ ಟೀ ಕುಡಿಯುತ್ತಿದ್ದ. ವಿಷಯ ಹೇಳಿದೆ.

“ಯಾರು ಹೇಳಿದ್ರು ನಿಮಗೆ?”

“ನೀರೇ ಬಂದು ಹೇಳ್ತು.”

ಅವನು ಎದ್ದು ಬಾಗಿಲು ಹಾಕಿದ. ಮೊದಲ ಸಲ ಅವನ ಬಾಯಿಂದ ‘ಪರವಾಗಿಲ್ಲ’ ಬರಲಿಲ್ಲ. ಬನ್ನಿ ಎಂದು ಲಿಫ್ಟಿನಲ್ಲಿ ಎರಡನೇ ಮಹಡಿಗೆ ಕರೆದುಕೊಂಡು ಹೋದ. ನಮ್ಮ ಮನೆಯಷ್ಟೇ ದೊಡ್ಡದು, ಗಾಳಿ ಬೆಳಕು ಹೆಚ್ಚು. ಕೆಳಗಿನದರ ಬದಲಿಗೆ ಇದನ್ನೇ ತೆಗೆದುಕೊಳ್ಳಿ, ಮೇಲೆ ಏನೂ ಕೊಡಬೇಕಾಗಿಲ್ಲ, ಏಪ್ರಿಲ್ ಹದಿನೆಂಟಕ್ಕೆ ಕೀ ಕೊಡುತ್ತೇನೆ ಎಂದ. ಬಚ್ಚಲಿನ ವಿಷಯ ಮಾತ್ರ ನಮ್ಮ ನಡುವೆಯೇ ಇರಬೇಕು.

“ಮತ್ತೆ ಕೆಳಗಿನ ಮನೆಗೆ ಯಾರು ಬರ್ತಾರೆ?”

“ಅದು ನಮ್ಮ ತಲೆನೋವು ಮೇಡಂ.”

ಗೇಟಿನೊಳಗೆ ಬರುವ ಪ್ರತಿಯೊಬ್ಬರಿಗೂ ಹೇಳುತ್ತೇನೆ ಎಂದೆ. “ಹೇಳಿ. ನಿಮ್ಮ ಕಾಗದಕ್ಕೆ ನಮ್ಮ ಸಹಿನೂ ಬೀಳ್ಬೇಕಲ್ಲ” ಎಂದ, ತುಂಬಾ ಮೆತ್ತಗೆ.

ಮೈ ಉರಿದುಹೋಯಿತು. ಇನ್ನೊಬ್ಬರ ಬಚ್ಚಲಿಗೆ ನಮ್ಮ ಕೊಳೆ ಬಿಟ್ಟುಕೊಂಡು ಬಾಳುವುದಾ? ಮನೆಗೆ ಬಂದು ಎಲ್ಲರ ಮುಂದೆ ಹೇಳಿದೆ, ಸತ್ತರೂ ಒಪ್ಪುವುದಿಲ್ಲ. ಅತ್ತೆ “ಸರಿಯಾಗಿ ಹೇಳ್ದೆ” ಎಂದರು. ನಮ್ಮವರು ಬಸ್ ಡಿಪೋದ ಟೈಂಶೀಟು ಹರಡಿಕೊಂಡು ಕೂತರು.

ಮಾರ್ಚ್ ೧೯, ಗುರುವಾರ

ಬಾಡಿಗೆ ಮನೆಯ ಯಜಮಾನರು ಬಂದಿದ್ದರು. ಏಪ್ರಿಲ್ ಕೊನೆಗೆ ಖಾಲಿ ಮಾಡಲೇಬೇಕಂತೆ, ಅವರ ಮಗಳ ಸಂಸಾರ ಬರುತ್ತಿದೆ. ನಮ್ಮವರು ಈಗ ಬಾಯಿ ಬಿಟ್ಟರು. “ನಾವೇನು ಊರು ಉದ್ಧಾರ ಮಾಡೋಕೆ ಮನೆ ತಗೊಂಡ್ವಾ? ಅಮ್ಮನ್ನ ಕಟ್ಕೊಂಡು ಬೀದೀಲಿ ನಿಲ್ಲೋಣ, ನಿನ್ನ ಬಾಣ ಹಿಡ್ಕೊಂಡು.” ನಾನೂ ಬಿಡಲಿಲ್ಲ. ಜಗಳ.

ಮಾರ್ಚ್ ೨೨, ಭಾನುವಾರ

ಸುಮ್ಮನೆ ನೋಡಿ ಬರೋಣ ಎಂದು ಮೇಲಿನ ಮನೆಗೆ ಹೋಗಿದ್ದೆವು. ನೋಡುವುದಕ್ಕೇನು ತೆರಿಗೆಯೇ? ಬೆಳಗ್ಗೆಯ ಬಿಸಿಲು ಹಜಾರದ ಅರ್ಧದವರೆಗೆ ಬರುತ್ತದೆ. ಅಡುಗೆಮನೆಯ ಕಿಟಕಿಯಿಂದ ಒಂದು ದೊಡ್ಡ ಮರ ಕಾಣುತ್ತದೆ. ಕೆಳಗಿನ ಮನೆಗಿಂತ ಕೆಲಸ ಎಷ್ಟೋ ಅಚ್ಚುಕಟ್ಟು, ಹನ್ನೊಂದೇ ಬಾಣ ಬಿದ್ದವು. ಬಾಗಿಲು ಸ್ವಲ್ಪ ಉಜ್ಜುತ್ತದೆ, ಆದರೆ ಹೊಸ ಮರ, ಒಣಗಿದ ಮೇಲೆ ಸರಿಹೋಗಬಹುದು.

ಮಾರ್ಚ್ ೨೮, ಶನಿವಾರ

ಸಹಿ ಹಾಕಿದೆ.

ಆದರೆ ಸುಮ್ಮನೆ ಹಾಕಲಿಲ್ಲ. ಕೆಳಗಿನ ಪೈಪು ಅಗೆದು ಸರಿಮಾಡಿಸುತ್ತೇವೆ ಎಂದು ಪರವಾಗಿಲ್ಲಪ್ಪನಿಂದ ಮಾತು ತೆಗೆದುಕೊಂಡೆ. ಬರೆದು ಕೊಡಿ ಎಂದೆ. “ಬಾಯಿಮಾತಿಗೆ ಬೆಲೆ ಇಲ್ವಾ ಮೇಡಂ?” ಎಂದ. ಎಲ್ಲದಕ್ಕೂ ಕಾಗದ ಕೇಳುತ್ತಾ ಕೂತರೆ ಲೋಕ ನಡೆಯುವುದಿಲ್ಲ. ನಾನು ಗಟ್ಟಿಯಾಗಿ ಕೇಳಿದ್ದಕ್ಕೇ ಅವನು ಅಷ್ಟಾದರೂ ಒಪ್ಪಿದ್ದು. ಒಂದು ರೀತಿಯಲ್ಲಿ ಕೆಳಗಿನ ಮನೆಗೆ ಬರುವವರಿಗೆ ನನ್ನಿಂದ ಉಪಕಾರವೇ ಆಯಿತು.

ಅತ್ತೆಗೆ ಹೇಳಿದೆ. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.

ಏಪ್ರಿಲ್ ೨, ಗುರುವಾರ

ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ ಕಾಲರಮ್ಮ ಡಬ್ಬಿ ಹಿಡಿದು ನನ್ನ ಟೇಬಲ್ಲಿಗೇ ಬಂದಳು. ಎರಡನೇ ಲೈನಿನಲ್ಲಿ ಕಾಲರ್ ಕೂರಿಸುವವಳು, ಹದಿನಾಲ್ಕು ವರ್ಷದಿಂದ. ಸೇರಿದ ಹೊಸದರಲ್ಲಿ ಅವಳ ಶರ್ಟುಗಳನ್ನು ಎಷ್ಟು ಸಲ ವಾಪಸ್ ಕಳಿಸಿದ್ದೇನೋ ಲೆಕ್ಕವಿಲ್ಲ. ಒಂದು ದಿನ ಮಷಿನ್ನಿನ ಮೇಲೆ ತಲೆಯಿಟ್ಟು ಅತ್ತಿದ್ದಳು. ಆಮೇಲಿಂದ ಅವಳ ಕಾಲರಿನಲ್ಲಿ ನನಗೆ ಒಂದು ಎಳೆ ತಪ್ಪು ಸಿಕ್ಕಿಲ್ಲ.

ಮೂರು ವರ್ಷದ ಹಿಂದೆ ಅವಳ ಗಂಡ ಲೋಡು ಇಳಿಸುವಾಗ ಲಾರಿಯಿಂದ ಬಿದ್ದ. ಸೊಂಟದಿಂದ ಕೆಳಗೆ ಸ್ಪರ್ಶವೇ ಇಲ್ಲ, ಗಾಲಿಕುರ್ಚಿ. ಈಗಿರುವ ಬಾಡಿಗೆ ಮನೆ ಮೊದಲ ಮಹಡಿಯಲ್ಲಿ, ಲಿಫ್ಟಿಲ್ಲ. ಅವನು ರಸ್ತೆ ನೋಡಬೇಕಾದರೆ ಇಬ್ಬರು ಹೊತ್ತು ಇಳಿಸಬೇಕು.

“ಅಕ್ಕ, ಒಂದು ಮನೆ ನೋಡಿದ್ದೀನಿ. ನೀವು ತಗೊಂಡಿರೋ ಬಿಲ್ಡಿಂಗೇ ಅಂತೆ. ಕೆಳಗಿನದು ಖಾಲಿ ಇದೆಯಂತೆ. ಬಾಗಿಲಿಂದ ಸೀದಾ ರಸ್ತೆ. ಅವರೇ ಕುರ್ಚಿ ತಳ್ಳಿಕೊಂಡು ಹೊರಗೆ ಹೋಗಬಹುದು.” ಅವಳು ಡಬ್ಬಿಯ ಮುಚ್ಚಳವನ್ನೂ ತೆಗೆದಿರಲಿಲ್ಲ. “ನೀವು ಒಂದ್ಸಲ ಬಂದು ನೋಡಿ ಅಕ್ಕ. ನಿಮ್ಮ ಕೈಲಿ ಪಾಸಾದ ಮೇಲೆ ನನಗೆ ಇನ್ಯಾರ ಮಾತೂ ಬೇಡ.”

ಹೇಳಬೇಕು ಎಂದುಕೊಂಡೆ. ಅಷ್ಟರಲ್ಲಿ ಗಂಟೆ ಹೊಡೆಯಿತು. ಭಾನುವಾರ ಬರುತ್ತೇನೆ ಎಂದೆ.

ಏಪ್ರಿಲ್ ೩, ಶುಕ್ರವಾರ

ಬಸ್ ಸ್ಟಾಪಿನಿಂದ ಪರವಾಗಿಲ್ಲಪ್ಪನಿಗೆ ಫೋನು ಮಾಡಿದೆ.

“ಪೈಪು ಅಗೆದ್ರಾ?”

“ಪಟ್ಟೀಲಿದೆ ಮೇಡಂ.”

“ಯಾವಾಗ?”

“ನಿಮ್ಮ ಕೀ ಹದಿನೆಂಟಕ್ಕೆ ಕೊಡ್ತೀನಿ ಅಂದಿದ್ದೀನಲ್ಲ.”

ನಾನು ಕೇಳಿದ್ದು ಒಂದು, ಅವನು ಹೇಳಿದ್ದು ಇನ್ನೊಂದು. ಅರ್ಥವಾಗದಷ್ಟು ದಡ್ಡಿಯಲ್ಲ ನಾನು. ಹಣವೆಲ್ಲ ಅವರ ಕೈಯಲ್ಲಿದೆ, ಕೀಯೂ ಅವರ ಕೈಯಲ್ಲಿದೆ, ಈ ಮನೆಯಿಂದ ಇಪ್ಪತ್ತೇಳು ದಿನದಲ್ಲಿ ಹೊರಗೆ. ಹೆದರಿಕೆಯಾಯಿತು, ಬರೆಯಲು ನಾಚಿಕೆಯೇನು. ಆದರೆ ಅವನು ಪಟ್ಟಿಯಲ್ಲಿದೆ ಎಂದನಲ್ಲ. ಪಟ್ಟಿಯಲ್ಲಿದ್ದರೆ ಒಂದಲ್ಲ ಒಂದು ದಿನ ಆಗುತ್ತದೆ.

ಏಪ್ರಿಲ್ ೫, ಭಾನುವಾರ

ಜೀವನದಲ್ಲಿ ಇಷ್ಟು ಶ್ರದ್ಧೆಯಿಂದ ಯಾವ ಕೆಲಸವನ್ನೂ ಮಾಡಿಲ್ಲ. ಬೆಳಗ್ಗೆ ಒಂಬತ್ತರಿಂದ ಹನ್ನೆರಡೂವರೆಯವರೆಗೆ ಕಾಲರಮ್ಮನಿಗೆ ಕೆಳಗಿನ ಮನೆಯ ಅಂಗುಲಂಗುಲ ತೋರಿಸಿದೆ. ನಾಣ್ಯ ಕೊಟ್ಟು ಟೈಲ್ಸು ತಟ್ಟಿಸಿದೆ. ಫೋನು ಚಾರ್ಜರು ಕೊಟ್ಟು ಒಂದೊಂದು ಪ್ಲಗ್ಗೂ ನೋಡಿಸಿದೆ. ದೀಪದ ಬೆಳಕನ್ನು ಗೋಡೆಗೆ ಅಡ್ಡವಾಗಿ ಹಿಡಿದರೆ ಉಬ್ಬುತಗ್ಗು ಹೇಗೆ ಕಾಣುತ್ತದೆ, ಬಾಗಿಲನ್ನು ಅರ್ಧ ತೆರೆದು ಬಿಟ್ಟರೆ ತಾನಾಗಿ ಚಲಿಸಬಾರದು ಏಕೆ, ಎಲ್ಲ ಹೇಳಿಕೊಟ್ಟೆ. ವಾಸಕ್ಕೆ ಯೋಗ್ಯ ಎಂದು ನಗರಸಭೆ ಕಚೇರಿಯವರು ಕೊಟ್ಟ ಪತ್ರ ಕೇಳು, ನೀರಿನ ಸಂಪರ್ಕ ಯಾರ ಹೆಸರಲ್ಲಿದೆ ಕೇಳು, ಲಿಫ್ಟು ಕೆಟ್ಟರೆ ಯಾರು ನೋಡಿಕೊಳ್ಳುತ್ತಾರೆ ಎಂದು ಬರೆಸಿಕೋ, ಬಾಯಿಮಾತು ನಂಬಬೇಡ ಎಂದೆ. ಹಿಂದೆ ಉಳಿದಿದ್ದ ಒಂಬತ್ತರ ಜೊತೆಗೆ, ಮೊದಲು ನಾನೇ ಬಿಟ್ಟಿದ್ದ ಕೂದಲೆಳೆಯ ತಪ್ಪುಗಳನ್ನೂ ಹುಡುಕಿದ್ದರಿಂದ ನೂರ ಮೂರು ಬಾಣ ಬಿದ್ದವು. ಪರವಾಗಿಲ್ಲಪ್ಪ ದೂರದಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ. ನಾನು ಅವನ ಕಡೆ ನೋಡಲಿಲ್ಲ.

ಅವಳ ಗಂಡನೂ ಬಂದಿದ್ದ. ತಮಾಷೆಯ ಮನುಷ್ಯ. ಒಂದೊಂದು ಬಾಗಿಲಿನೊಳಗೂ ಕುರ್ಚಿ ತೂರಿಸಿ “ಇದು ಪಾಸ್, ಇದು ಪಾಸ್” ಎನ್ನುತ್ತಾ ಸುತ್ತಿದ. ಮುಂಬಾಗಿಲಿನಿಂದ ಒಬ್ಬನೇ ರಸ್ತೆಯವರೆಗೆ ಹೋಗಿ ತಿರುಗಿ ಬಂದ. ಬಂದಾಗ ಮುಖ ತಿರುಗಿಸಿಕೊಂಡು ಕಣ್ಣು ಒರೆಸಿಕೊಳ್ಳುತ್ತಿದ್ದ.

ಕೊನೆಗೆ ಬಚ್ಚಲು ಉಳಿಯಿತು. “ಇಲ್ಲೇನು ನೋಡ್ಬೇಕು ಅಕ್ಕ?” ಎಂದಳು.

“ಒಂದು ಬಕೆಟ್ ನೀರು ಸುರಿ. ನಿಲ್ಲದೆ ಹೋಗ್ಬೇಕು” ಎಂದೆ.

ಸುರಿದಳು. ನಿಲ್ಲದೆ ಹೋಯಿತು. “ಪಾಸ್” ಎಂದ ಅವಳ ಗಂಡ ಬಾಗಿಲಿನಿಂದ.

ನಾನು ಸುಳ್ಳು ಹೇಳಿಲ್ಲ. ಒಂದು ಮಾತೂ ಸುಳ್ಳು ಹೇಳಿಲ್ಲ. ಅವಳು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ, ಕೇಳದಿದ್ದದ್ದಕ್ಕೂ ಕೊಟ್ಟೆ. ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ, ಮೂರೂವರೆ ಗಂಟೆ ನಿಂತದ್ದಕ್ಕೆ ಇರಬೇಕು.

ಏಪ್ರಿಲ್ ೯, ಗುರುವಾರ

ಕಾಲರಮ್ಮ ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಕಾರ್ಖಾನೆಯಲ್ಲಿ ಇನ್ನೂ ಐದಾರು ಮಂದಿ ಹೊಸ ಮನೆ ಹುಡುಕುತ್ತಿದ್ದಾರಂತೆ, ನನ್ನನ್ನು ಕೇಳಿದರು. ಅದಕ್ಕೇ ಕೂತು ಒಂದು ಪಟ್ಟಿ ಬರೆದೆ: ‘ಹೊಸ ಮನೆ ಕೊಳ್ಳುವ ಮುಂಚೆ ನೋಡಬೇಕಾದ ಮೂವತ್ತೊಂದು ಸಂಗತಿ’. ಮ್ಯಾನೇಜರೇ ಜೆರಾಕ್ಸ್ ಮಾಡಿಸಿ ನೋಟಿಸ್ ಬೋರ್ಡಿಗೆ ಹಾಕಿಸಿದರು. ಇಪ್ಪತ್ತೆರಡು ವರ್ಷದಲ್ಲಿ ನನಗೆ ಜನ ಚಪ್ಪಾಳೆ ತಟ್ಟಿದ್ದು ಇದೇ ಮೊದಲು. ಮೊಸರಲ್ಲಿ ಕಲ್ಲು ಹುಡುಕುವವಳು ಎಂದು ಬೈಯುತ್ತಿದ್ದವರೇ ಪ್ರತಿ ಇಸಿದುಕೊಂಡು ಹೋದರು.

ಮನೆಯಲ್ಲಿ ಅತ್ತೆ ಕನ್ನಡಕ ಹಾಕಿಕೊಂಡು ಮೊದಲಿಂದ ಕೊನೆಯವರೆಗೆ ಓದಿದರು. “ಮೇಲಿನ ನೀರು ಬಿಟ್ಟು ನೋಡಿ ಅನ್ನೋದು ಇದರಲ್ಲಿ ಇಲ್ವಲ್ಲ?” ಎಂದರು.

“ಎಲ್ಲಾ ಮನೇಲೂ ಹಾಗಿರುತ್ತಾ ಅತ್ತೆ? ಅದು ಸಾಮಾನ್ಯವಾಗಿ ಬರೋ ತೊಂದರೆ ಅಲ್ಲ.”

“ಕಾಲರಮ್ಮನಿಗಾದ್ರೂ ಹೇಳ್ದೆಯಾ?”

ರೇಗಿಬಿಟ್ಟೆ. ನಿಮಗೆ ನೆರಳಲ್ಲಿ ಕೂತು ಹೇಳುವುದು ಸುಲಭ, ಹೊರಗೆ ಓಡಾಡಿ ಈ ಮನೆ ಮಾಡಿದ್ದು ನಾನು, ನಾಳೆ ಬೀದಿಗೆ ಬಿದ್ದರೆ ಬೈಸಿಕೊಳ್ಳುವವಳೂ ನಾನೇ ಎಂದೆ. ಪೈಪು ಹಾಕಿದವರು ಯಾರೋ, ಮುಚ್ಚಿಟ್ಟವರು ಯಾರೋ, ಎಲ್ಲ ಪಾಪ ನನ್ನ ತಲೆಗೇಕೆ? ಅವಳಿಗೆ ಹೇಳಿದೆ ಎಂದಿಟ್ಟುಕೊಳ್ಳಿ, ಅವಳು ಬಿಡುತ್ತಾಳೆ, ಇನ್ಯಾರೋ ಬರುತ್ತಾರೆ, ಅವರೂ ಮನುಷ್ಯರೇ ತಾನೆ? ಯಾರಾದರೂ ಒಬ್ಬರು ಆ ಮನೆಯಲ್ಲಿ ಇರಲೇಬೇಕು. ಅತ್ತೆ ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗಿಟ್ಟರು.

ಏಪ್ರಿಲ್ ೧೪, ಮಂಗಳವಾರ

ಇವತ್ತು ಎರಡು ಶರ್ಟಿನಲ್ಲಿ ಹೊಲಿಗೆ ಹಾರಿತ್ತು, ಬಗಲಿನ ಒಳಗೆ. ಯಾರು ಬಗಲು ಎತ್ತಿ ನೋಡುತ್ತಾರೆ. ಬಿಟ್ಟೆ. ಲೈನಿನ ಮೇಸ್ತ್ರಿ “ಮೈ ಹುಷಾರಿಲ್ವಾ?” ಎಂದು ಕೇಳಿದ.

ಏಪ್ರಿಲ್ ೧೯, ಭಾನುವಾರ

ಹೊಸ ಮನೆಗೆ ಬಂದೆವು. ಕೀ ಒಂದು ದಿನ ತಡವಾಗದೆ ಸಿಕ್ಕಿತು, ಪರವಾಗಿಲ್ಲಪ್ಪ ಮಾತಿಗೆ ತಪ್ಪುವವನಲ್ಲ. ನಮ್ಮವರು ಎಲ್ಲ ಕಿಟಕಿಗಳನ್ನೂ ತೆರೆದು ನಿಂತರು. ನಾನು ಹಜಾರದ ನಡುವೆ ನೆಲದ ಮೇಲೇ ಕಾಲು ಚಾಚಿ ಕೂತೆ. ಹತ್ತೊಂಬತ್ತು ವರ್ಷ ಬೇರೆಯವರ ಗೋಡೆಗೆ ಮೊಳೆ ಹೊಡೆಯಲು ಅನುಮತಿ ಕೇಳಿದವಳು. ಅಳು ಬಂತು.

ಹನ್ನೊಂದು ಬಾಣದಲ್ಲಿ ಆರು ಇನ್ನೂ ಹಾಗೇ ಇವೆ. ಪರವಾಗಿಲ್ಲ.

ಅತ್ತೆಯದೇ ಒಂದು ವಿಚಿತ್ರ. ಅರ್ಧ ಬಕೆಟ್ ನೀರಲ್ಲಿ ಸ್ನಾನ ಮುಗಿಸಿದರು. ಪಾತ್ರೆ ತೊಳೆದ ನೀರನ್ನು ಬೋಗುಣಿಯಲ್ಲಿ ಹಿಡಿದು, ಲಿಫ್ಟಿನಲ್ಲಿ ಕೆಳಗೆ ಹೋಗಿ ಗೇಟಿನ ಹತ್ತಿರದ ಗಿಡಕ್ಕೆ ಹಾಕಿ ಬಂದರು. ನಮ್ಮ ಮನೆಯಲ್ಲಿ ನೀರಿಗೇನು ಬರವೇ ಎಂದರೆ, “ಅಭ್ಯಾಸ ಕಣಮ್ಮ” ಎಂದರು. ಹಳೆಯ ಮನೆಯಲ್ಲಿ ಆ ಅಭ್ಯಾಸ ನಾನು ಕಂಡಿರಲಿಲ್ಲ.

ಏಪ್ರಿಲ್ ೨೬, ಭಾನುವಾರ

ಕಾಲರಮ್ಮನ ಸಂಸಾರ ಕೆಳಗಿನ ಮನೆಗೆ ಬಂತು. ಮೂರು ಬಾರಿ ಹತ್ತಿ ಇಳಿದು ಸಾಮಾನು ಜೋಡಿಸಿಕೊಟ್ಟೆ. ಸಂಜೆ ಒಂದು ಪೊಟ್ಟಣ ತಂದು ಕೊಟ್ಟಳು, ನಮ್ಮವರಿಗೆ ತಾನೇ ಹೊಲಿದ ಬಿಳಿ ಶರ್ಟು. ಅಭ್ಯಾಸಬಲದಿಂದ ತಿರುಗಿಸಿ ಮುರುಗಿಸಿ ನೋಡಿದೆ. ಒಂದು ತಪ್ಪಿಲ್ಲ. ಬೀರುವಿನ ತಳದಲ್ಲಿ ಇಟ್ಟಿದ್ದೇನೆ.

ಅವಳ ಗಂಡ ಗೇಟಿನ ಹತ್ತಿರ ಕುರ್ಚಿಯಲ್ಲಿ ಕೂತು ಹೋಗುವವರನ್ನೆಲ್ಲ ಮಾತಾಡಿಸುತ್ತಿದ್ದ. ಅದನ್ನು ನೋಡಿ ಮನಸ್ಸಿಗೆ ಹಿತವಾಯಿತು. ಈ ಮನೆ ಅವರಿಗೆ ಒಳ್ಳೆಯದೇ ಆಗಿದೆ.

ಮೇ ೩, ಭಾನುವಾರ

ಈಗ ನಾಲ್ಕು ಮನೆ ತುಂಬಿವೆ. ನಲ್ಲಿ ಕೆಲಸದ ಮುದುಕ ಗೇಟಿನಲ್ಲಿ ಎದುರಾದ. ಚೆನ್ನಾಗಿದ್ದೀರಾ ಎಂದು ಕೇಳಿದೆ. ಅವನು ನನ್ನನ್ನು ನೋಡಿದ, ಕುರ್ಚಿಯಲ್ಲಿ ಕೂತ ಕಾಲರಮ್ಮನ ಗಂಡನನ್ನು ನೋಡಿದ, ಹೋಗಿಬಿಟ್ಟ. ಕಣ್ಣು ಮಂಜಾಗಿ ಗುರುತು ಸಿಕ್ಕಿಲ್ಲವೇನೋ.

ಮೇ ೧೦, ಭಾನುವಾರ

ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಆದರೂ ಬರೆಯುತ್ತೇನೆ.

ಈ ವಾರ ಉಳಿದ ಎರಡು ಮನೆಗಳಿಗೂ ಜನ ಬಂದರು. ಬೆಳಗ್ಗೆ ಎಲ್ಲರ ಮನೆಯಲ್ಲೂ ಸ್ನಾನ, ಬಟ್ಟೆ. ನಾನೂ ಮಷಿನ್ನಿಗೆ ವಾರದ ಬಟ್ಟೆ ಹಾಕಿದ್ದೆ, ಅದು ಮೊದಲ ಸಲದ ನೀರು ಬಿಟ್ಟು ಎರಡನೇ ಸಲಕ್ಕೆ ತುಂಬಿಕೊಳ್ಳುತ್ತಿತ್ತು. ಬಾಗಿಲು ಬಡಿದ ಸದ್ದು. ಕಾಲರಮ್ಮ ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿ ಬಂದಿದ್ದಳು, ಏದುಸಿರು.

“ಅಕ್ಕ, ಬಚ್ಚಲಲ್ಲಿ ನೀರು ಮೇಲೆ ಬರ್ತಿದೆ. ಸ್ವಲ್ಪ ಬಂದು ನೋಡ್ತೀರಾ?”

ಅತ್ತೆ ಒಳಗಿಂದ ನನ್ನ ಮುಖ ನೋಡಿದರು. ನಾನು ಚಪ್ಪಲಿಯನ್ನೂ ಹಾಕದೆ ಇಳಿದೆ.

ಅವಳ ಗಂಡ ಬಚ್ಚಲಿನಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಟವೆಲು ಸುತ್ತಿಕೊಂಡು ಕೂತಿದ್ದ. ಅವಳು ಅವನಿಗೆ ತಲೆಗೆ ನೀರು ಹಾಕಿ, ಬಟ್ಟೆ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಹೀಗಾಗಿತ್ತು. ಬೂದು ಬಣ್ಣದ ನೀರು ಅವನ ಕಣಕಾಲು ಮುಚ್ಚಿತ್ತು, ಅದರಲ್ಲಿ ಕೂದಲು, ಏನೇನೋ ಕಸ. ಮೇಲೆ ಬಿಳಿ ನೊರೆ. ನಮ್ಮ ಮನೆಯ ಸೋಪಿನ ಪುಡಿಯ ವಾಸನೆ ನನ್ನ ಮೂಗಿಗೆ ಚೆನ್ನಾಗಿ ಗೊತ್ತು.

ಅವನಿಗೆ ಕಾಲಲ್ಲಿ ಸ್ಪರ್ಶವಿಲ್ಲವಲ್ಲ, ನೀರು ಏರಿದ್ದು ಗೊತ್ತೇ ಆಗಿರಲಿಲ್ಲ. ಅವಳು ಕೂಗಿದ ಮೇಲೆ ತಲೆ ಬಗ್ಗಿಸಿ ನೋಡಿದ್ದನಂತೆ. ಎರಡೂ ಕೈಯಿಂದ ಒಂದು ಕಾಲನ್ನು ಎತ್ತಿ ಗೋಡೆಯ ಕಟ್ಟೆಯ ಮೇಲೆ ಇಟ್ಟುಕೊಂಡಿದ್ದ. ಇನ್ನೊಂದು ನೀರಿನಲ್ಲೇ ಇತ್ತು. ನನ್ನನ್ನು ನೋಡಿ ನಾಚಿಕೆಯಿಂದ ಟವೆಲು ಸರಿಮಾಡಿಕೊಂಡ.

“ತಪ್ಪು ನಂದೇ ಅಕ್ಕ” ಎಂದಳು ಕಾಲರಮ್ಮ. “ಅವತ್ತು ನೀವು ಇಲ್ಲಿ ನೀರು ಹಾಕಿ ನೋಡು ಅಂದ್ರಿ. ನಾನು ಒಂದೇ ಬಕೆಟ್ ಹಾಕ್ದೆ. ಇನ್ನೆರಡು ಹಾಕಿ ನೋಡ್ಬೇಕಿತ್ತು.”

ಆಗಲೇ ಹೇಳಬೇಕಿತ್ತು. ಹೇಳಬೇಕೆಂದೇ ಬಾಯಿ ತೆರೆದೆ. ಬಂದ ಮಾತು ಬೇರೆ. “ಒಳಗೆ ಏನೋ ಕಟ್ಟಿಕೊಂಡಿರ್ಬೇಕು. ನೀನು ಮನೇಲೂ ಹೊಲಿಗೆ ಇಟ್ಕೊಂಡಿದ್ದೀಯ, ದಾರ, ಬಟ್ಟೆ ಚೂರು ಹೋಗಿರುತ್ತೆ ನೋಡು.”

“ಹೌದಕ್ಕ, ಇರ್ಬೇಕು” ಎಂದಳು ತಕ್ಷಣ. ಸೀರೆ ಎತ್ತಿ ಕಟ್ಟಿ, ಆ ನೀರಿನಲ್ಲೇ ಮಂಡಿಯೂರಿ, ಜಾಲರಿ ಕಿತ್ತು, ಮೊಣಕೈಯವರೆಗೆ ತೋಳು ಇಳಿಸಿ ತನ್ನ ದಾರ ಹುಡುಕತೊಡಗಿದಳು. ಹದಿನಾಲ್ಕು ವರ್ಷದಿಂದ ತಪ್ಪು ಎಂದು ನಾನು ತೋರಿಸಿದ್ದನ್ನೆಲ್ಲ ಅವಳು ಒಪ್ಪಿಕೊಂಡೇ ಬಂದಿದ್ದಾಳೆ.

ಗೋಡೆಯೊಳಗೆ ಸದ್ದು ಇಳಿದು ಬಂತು. ಮೇಲೆ ನಮ್ಮ ಮಷಿನ್ನು ಎರಡನೇ ಸಲದ ನೀರು ಬಿಟ್ಟಿತ್ತು.

“ಅಕ್ಕ, ಮತ್ತೆ ಬರ್ತಿದೆ” ಎಂದಳು.

ನಾನು ನೀರಿಗೆ ಇಳಿದು ಬಗ್ಗಿ ಅವಳ ಗಂಡನ ಇನ್ನೊಂದು ಕಾಲನ್ನು ಎತ್ತಿ ಹಿಡಿದುಕೊಂಡೆ. ಅಷ್ಟು ಭಾರವಿರುತ್ತದೆ ಎಂದುಕೊಂಡಿರಲಿಲ್ಲ. ಅವನಿಗೆ ಸಂಕೋಚವಾಯಿತು, ಹಿರಿಯಳು ಕಾಲು ಹಿಡಿದಿದ್ದೇನೆಂದು.

“ಬಿಡಿ ಅಕ್ಕ” ಎಂದ. “ನನಗೇನೂ ಗೊತ್ತಾಗಲ್ಲ.”

ನೀರು ಇಳಿಯುವ ತನಕ ಹಿಡಿದುಕೊಂಡೇ ಇದ್ದೆ.